ಹಿರಿಯರೊಂದಿಗೆ ಪ್ರಾಗ್ ಪ್ರವಾಸ: ಹೋಗಿ ಬಂದವರ ಅನುಭವಗಳು

ಪ್ರಶ್ನೆ: ಬರುವ ಮೇ ತಿಂಗಳಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ನಾಲ್ಕು ದಿನಗಳ ಮಟ್ಟಿಗೆ ಹೋಗಬೇಕೆಂದಿದ್ದೇವೆ. ಅಮ್ಮನಿಗೆ ಮಂಡಿನೋವಿದೆ, ಇಬ್ಬರೂ ಸಸ್ಯಾಹಾರಿಗಳು. ಏನನ್ನು ನೋಡಬೇಕು, ಯಾವುದರ ಬಗ್ಗೆ ಎಚ್ಚರವಿರಬೇಕು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ನಾವು ಮೇ ತಿಂಗಳಲ್ಲೇ ನಮ್ಮ ತಂದೆಯವರೊಂದಿಗೆ ಐದು ದಿನ ಅಲ್ಲಿದ್ದೆವು. ಹಳೆಯ ಊರಿನ ಬೀದಿಗಳಿಗೆಲ್ಲ ಸಣ್ಣ ಕಲ್ಲುಗಳನ್ನು ಒತ್ತೊತ್ತಾಗಿ ಕೂರಿಸಿದ್ದಾರೆ. ನೋಡಲು ಬಲು ಚೆಂದ, ಆದರೆ ಎರಡು ಗಂಟೆ ನಡೆದ ಮೇಲೆ ಒಂದೊಂದು ಕಲ್ಲಿನ ಅಂಚೂ ಅಂಗಾಲಿಗೆ ತಿಳಿಯುತ್ತದೆ. ಆದ್ದರಿಂದ ಅಮ್ಮನವರಿಗೆ ದಪ್ಪ ಅಟ್ಟೆಯ ಬೂಟನ್ನು ಇಲ್ಲಿಂದಲೇ ಕೊಡಿಸಿ, ಒಂದು ತಿಂಗಳು ಹಾಕಿಸಿ ಅಭ್ಯಾಸ ಮಾಡಿಸಿ.

ಚಾರ್ಲ್ಸ್ ಸೇತುವೆಯನ್ನು ನಸುಕಿನಲ್ಲೇ ನೋಡಿಬಿಡಿ. ಆ ತಿಂಗಳಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದಿರುವುದರಿಂದ, ಅಲ್ಲಿ ಬೆಳಗಿನ ಐದಾದಾಗ ನಮ್ಮ ಹಿರಿಯರ ಶರೀರಕ್ಕೆ ಎಂಟೂವರೆ ಆಗಿರುತ್ತದೆ. ಮೊದಲೆರಡು ದಿನ ಅವರನ್ನು ಯಾರೂ ಎಬ್ಬಿಸಬೇಕಾಗಿಲ್ಲ. 1357ರಲ್ಲಿ ನಾಲ್ಕನೆಯ ಚಾರ್ಲ್ಸ್ ದೊರೆ ಅಡಿಗಲ್ಲು ಹಾಕಿಸಿದ ಈ ಸೇತುವೆ ಅರ್ಧ ಕಿಲೋಮೀಟರಿಗಿಂತ ತುಸು ಉದ್ದವಿದೆ. ಹಗಲು ಹತ್ತರ ನಂತರ ಅಲ್ಲಿ ಭುಜಕ್ಕೆ ಭುಜ ತಾಗುವಷ್ಟು ಜನ, ಸೂರ್ಯೋದಯದ ಹೊತ್ತಿಗೆ ಬೆರಳೆಣಿಕೆಯಷ್ಟು ಮಂದಿ. ಎರಡೂ ಬದಿಯ ಮೂವತ್ತು ಪ್ರತಿಮೆಗಳ ಪೈಕಿ ಹಳೆಯದು 1683ರಲ್ಲಿ ನಿಲ್ಲಿಸಿದ ನೆಪೊಮುಕ್‌ನ ಸಂತ ಯೋಹಾನನದು. ಚಾರ್ಲ್ಸ್‌ನ ನಂತರದ ದೊರೆಯ ಕೋಪಕ್ಕೆ ಗುರಿಯಾದ ಈ ಪಾದ್ರಿಯನ್ನು 1393ರಲ್ಲಿ ವಲ್ಟಾವಾ ನದಿಗೆ ಎಸೆಯಲಾಯಿತು. ಪ್ರತಿಮೆಯ ಪೀಠದಲ್ಲಿರುವ ಕಂಚಿನ ಉಬ್ಬುಚಿತ್ರವು ಮುಟ್ಟಿದವರ ಕೈಗಳಿಂದಲೇ ಸವೆದು, ನಮ್ಮ ಹಳೆಯ ಗುಡಿಗಳ ಹೊಸ್ತಿಲಿನಂತೆ ಹೊಳೆಯುತ್ತದೆ.

ಹಳೆಯ ಪುರಭವನದ ಖಗೋಳ ಗಡಿಯಾರದ ಮುಂದೆ ಎಲ್ಲರೂ ಗಂಟೆ ಹೊಡೆಯುವುದನ್ನೇ ಕಾಯುತ್ತಾರೆ. ಅಸ್ಥಿಪಂಜರವು ಗಂಟೆಯ ಹಗ್ಗ ಎಳೆಯುವುದು, ಕಿಟಕಿಗಳಲ್ಲಿ ಯೇಸುವಿನ ಶಿಷ್ಯರಾದ ಹನ್ನೆರಡು ಅಪೊಸ್ತಲರು ಹಾದುಹೋಗುವುದು, ಎಲ್ಲವೂ ಕ್ಷಣಗಳಲ್ಲಿ ಮುಗಿಯುತ್ತದೆ. ನೀವು ಇಪ್ಪತ್ತು ನಿಮಿಷ ಮೊದಲೇ ಹೋಗಿ, ನೂಕುನುಗ್ಗಲಿಲ್ಲದಾಗ ಮುಖ್ಯ ಫಲಕವನ್ನು ನಿಧಾನವಾಗಿ ಓದಿ. 1410ರಿಂದ ಇರುವ ಈ ಯಂತ್ರವು ಸೂರ್ಯ ಯಾವ ರಾಶಿಯಲ್ಲಿದ್ದಾನೆ, ಚಂದ್ರನ ಕಲೆ ಎಷ್ಟು, ಸೂರ್ಯಾಸ್ತದಿಂದ ಎಣಿಸುವ ಹಳೆಯ ಚೆಕ್ ಲೆಕ್ಕದಲ್ಲಿ ಗಂಟೆ ಎಷ್ಟು ಎಂಬುದನ್ನೆಲ್ಲ ತೋರಿಸುತ್ತದೆ. ನಿತ್ಯ ಪಂಚಾಂಗ ನೋಡುವ ನಮ್ಮ ತಂದೆ ಮೇ 10ರಂದು ಅದನ್ನು ದಿಟ್ಟಿಸಿ, "ಇಲ್ಲಿ ಸೂರ್ಯ ಆಗಲೇ ವೃಷಭದಲ್ಲಿದ್ದಾನೆ, ನಮ್ಮಲ್ಲಿ ಇನ್ನೂ ಮೇಷ ಬಿಟ್ಟಿಲ್ಲ" ಎಂದರು. ಅದು ವಸಂತ ವಿಷುವದಿಂದ ರಾಶಿಗಳನ್ನು ಎಣಿಸುವ ಸಾಯನ ಲೆಕ್ಕ, ನಮ್ಮದು ಸ್ಥಿರ ನಕ್ಷತ್ರಗಳಿಂದ ಎಣಿಸುವ ನಿರಯಣ ಎಂದು ಅವರೇ ವಿವರಿಸುತ್ತ ಅಲ್ಲಿಯೇ ಮುಕ್ಕಾಲು ಗಂಟೆ ನಿಂತರು. ಇಡೀ ಪ್ರವಾಸದಲ್ಲಿ ಅವರು ಅಷ್ಟು ಸಂತೋಷಪಟ್ಟದ್ದನ್ನು ನಾನು ಬೇರೆಲ್ಲಿಯೂ ಕಾಣಲಿಲ್ಲ.

ಗುಡ್ಡದ ಮೇಲಿನ ಪ್ರಾಗ್ ಕೋಟೆಗೆ ಮೆಟ್ಟಿಲು ಹತ್ತಬೇಡಿ. 22ನೆಯ ಸಂಖ್ಯೆಯ ಟ್ರಾಮ್ ಮೇಲಿನವರೆಗೆ ಹೋಗುತ್ತದೆ. ಬರುವಾಗ ನೆರುದೋವಾ ಬೀದಿಯಲ್ಲಿ ನಡೆದೇ ಇಳಿಯಬಹುದು.

ಹಣದ ವಿಷಯದಲ್ಲಿ ಮಾತ್ರ ನಾವು ಮೋಸಹೋದೆವು. ಅಲ್ಲಿ ನಡೆಯುವುದು ಯೂರೋ ಅಲ್ಲ, ಕೊರುನಾ. "ಕಮಿಷನ್ ಇಲ್ಲ" ಎಂದು ದೊಡ್ಡದಾಗಿ ಬರೆದಿದ್ದ ಅಂಗಡಿಯೊಂದರಲ್ಲಿ ಯೂರೋ ಕೊಟ್ಟಾಗ ತೀರ ಕಡಿಮೆ ಕೊರುನಾ ಕೈಗೆ ಬಂತು. ಹೀಗೆ ಬದಲಾಯಿಸಿದ್ದನ್ನು ಮೂರು ಗಂಟೆಯೊಳಗೆ ರದ್ದುಪಡಿಸುವ ಹಕ್ಕು ಅಲ್ಲಿನ ಕಾನೂನಿನಲ್ಲಿದೆ ಎಂದು ಹೋಟೆಲಿನವರು ತಿಳಿಸಿದ್ದರಿಂದ, ರಸೀತಿ ಹಿಡಿದು ಮರಳಿ ಹೋಗಿ ಹಣ ವಾಪಸು ಪಡೆದೆವು. ರಸೀತಿಯನ್ನು ಎಸೆಯಬೇಡಿ. ಎಟಿಎಂ ಯಂತ್ರವು ರೂಪಾಯಿಗೆ ಪರಿವರ್ತಿಸಲೇ ಎಂದು ಕೇಳಿದರೆ ಬೇಡವೆನ್ನಿ.

ಎರಡನೆಯ ಉತ್ತರ: ಮೇಲಿನವರ ಮಾತುಗಳೆಲ್ಲ ಸರಿ, ನೆರುದೋವಾ ಬೀದಿಯ ವಿಷಯವೊಂದನ್ನು ಬಿಟ್ಟು. ಮಂಡಿನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ನಮ್ಮ ಅತ್ತೆಯವರು ಆ ಇಳಿಜಾರಿನಲ್ಲಿ ಗೋಡೆ ಹಿಡಿದುಕೊಂಡೇ ಇಳಿದರು, ಮರುದಿನ ಕೋಣೆಯಿಂದ ಹೊರಗೆ ಬರಲಾಗಲಿಲ್ಲ. ದಯವಿಟ್ಟು ಅದೇ ಟ್ರಾಮಿನಲ್ಲಿ ಹಿಂದಿರುಗಿ. ಕೋಟೆಯೊಳಗಿನ ಸಂತ ವಿಟುಸ್ ಚರ್ಚಿನ ಕೆಲಸ 1344ರಲ್ಲಿ ಆರಂಭವಾಗಿ 1929ರಲ್ಲಿ ಮುಗಿಯಿತು. ಒಳಗೆ ಚೆಕ್ ಚಿತ್ರಕಾರ ಆಲ್ಫೋನ್ಸ್ ಮುಖಾ ರಚಿಸಿದ ಬಣ್ಣದ ಗಾಜಿನ ಕಿಟಕಿಯ ಎದುರು ಹಿರಿಯರನ್ನು ಸ್ವಲ್ಪ ಹೊತ್ತು ಕೂರಿಸಿ. ಮೆಟ್ರೋದ ಎಸ್ಕಲೇಟರುಗಳು ನಮ್ಮ ಬೆಂಗಳೂರಿನವುಗಳಿಗಿಂತ ಉದ್ದ, ವೇಗವೂ ಹೆಚ್ಚು. ಅಮ್ಮನವರ ಪಕ್ಕದಲ್ಲಿ ಒಬ್ಬರು ಕೈಹಿಡಿದು ನಿಲ್ಲಬೇಕು. ಕಾಗದದ ಟಿಕೆಟು ಕೊಂಡರೆ ಸಾಲದು, ಹಳದಿ ಯಂತ್ರದಲ್ಲಿ ಅದಕ್ಕೆ ಮುದ್ರೆ ಒತ್ತಿಸಿಕೊಳ್ಳಬೇಕು, ಇಲ್ಲವಾದರೆ ದಂಡ ತೆರಬೇಕಾಗುತ್ತದೆ.

ಊಟಕ್ಕೆ "ಬೆಜ್ ಮಾಸಾ" ಎಂಬ ಮಾತನ್ನು ಕಲಿತುಕೊಳ್ಳಿ, ಮಾಂಸವಿಲ್ಲದ್ದು ಎಂದರ್ಥ. ಆದರೆ ಸೂಪನ್ನು ಮಾಂಸದ ರಸದಲ್ಲಿ ಮಾಡಿರಬಹುದಾದ್ದರಿಂದ ಅದನ್ನು ಬೇರೆಯಾಗಿಯೇ ಕೇಳಿ. ಹಣ್ಣು ತುಂಬಿ ಬೇಯಿಸುವ ಕ್ನೆಡ್ಲಿಕ್ ನಮ್ಮ ಕಡುಬನ್ನು ನೆನಪಿಸಿತು; ಮೊಟ್ಟೆ ತಿನ್ನದವರು ಹಿಟ್ಟಿಗೆ ಅದನ್ನು ಹಾಕಿದ್ದಾರೆಯೇ ಎಂದು ವಿಚಾರಿಸಬೇಕು. ನಾವು ಅವಲಕ್ಕಿ, ಚಟ್ನಿಪುಡಿ ಒಯ್ದಿದ್ದೆವು, ಅಂಗಡಿಯಲ್ಲಿ ಮೊಸರು ಸುಲಭವಾಗಿ ಸಿಗುತ್ತಿತ್ತು. ರಾತ್ರಿಯ ಊಟಕ್ಕೆ ಅಷ್ಟೇ ಸಾಕಾಯಿತು.

ಮೂರನೆಯ ಉತ್ತರ: ನಾಲ್ಕು ದಿನಗಳಲ್ಲಿ ಶನಿವಾರ ಬಂದರೆ ಯೋಸೆಫೋವ್ ಎಂಬ ಯೆಹೂದಿ ಕೇರಿಯನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ, ಅಂದು ಅಲ್ಲಿನ ಮ್ಯೂಸಿಯಂ ಮುಚ್ಚಿರುತ್ತದೆ. ಪಿಂಕಾಸ್ ಸಿನಗಾಗ್ ಎಂಬ ಯೆಹೂದಿ ಪ್ರಾರ್ಥನಾ ಮಂದಿರದ ಒಳಗೋಡೆಗಳ ಮೇಲೆ ನಾಜಿಗಳ ಕಾಲದಲ್ಲಿ ಕೊಲೆಯಾದ ಬೊಹೀಮಿಯಾ, ಮೊರಾವಿಯಾ ಎಂಬ ಚೆಕ್ ಪ್ರಾಂತ್ಯಗಳ ಸುಮಾರು 78,000 ಯೆಹೂದಿಗಳ ಹೆಸರುಗಳನ್ನು ಕೈಯಿಂದಲೇ ಬರೆದಿದ್ದಾರೆ. ಹತ್ತಿರ ಹೋಗುವವರೆಗೆ ಅದು ಗೋಡೆಯ ಬಣ್ಣವೆಂದೇ ನಾನು ತಿಳಿದಿದ್ದೆ. ಮಾರನೆಯ ದಿನ ಬಿಡುವಾಗಿ ವಿಶೆಹ್ರಾದ್ ಎಂಬ ಹಳೆಯ ಕೋಟೆಗೆ ಹೋಗಿ. ಅದೇ ಹೆಸರಿನ ಮೆಟ್ರೋ ನಿಲ್ದಾಣದಿಂದ ದಾರಿ ಹೆಚ್ಚು ಏರಿಲ್ಲದೆ ಸಾಗುತ್ತದೆ, ಕೂರಲು ಬೆಂಚುಗಳಿವೆ, ನದಿ ಕೆಳಗೆ ಕಾಣುತ್ತದೆ. ಸಂಗೀತಗಾರರಾದ ಸ್ಮೆತಾನಾ, ದ್ವೊರಾಕ್ ಇಬ್ಬರ ಸಮಾಧಿಗಳೂ ಅಲ್ಲಿಯೇ ಇವೆ.