"ಬರೀ ಅಲೆಮಾರಿಗಳು" ಅಂದಿದ್ದಕ್ಕೆ ನನ್ನ ಉತ್ತರ

ಚಿಕ್ಕಪ್ಪ, ಟೈಪ್ ಮಾಡಿ ಮುಗಿಯೋ ವಿಷಯ ಅಲ್ಲ ಇದು, ಅದಕ್ಕೇ ವಾಯ್ಸಲ್ಲಿ ಹೇಳ್ತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ಪುಟ್ಟಿ ಮೆಲ್ಬರ್ನ್ ಸ್ಕೂಲಿನ ಪ್ರಾಜೆಕ್ಟಿಗೆ ಆಸ್ಟ್ರೇಲಿಯಾದ ಮೂಲನಿವಾಸಿಗಳ ಬಗ್ಗೆ ಕೇಳಿದ್ಲು. ನೀವು "ಅವರಿಗೆ ಬೇಸಾಯ ಇಲ್ಲ, ಮನೆ ಇಲ್ಲ, ಬೇಟೆಯಾಡ್ಕೊಂಡು ಅಲೀತಿದ್ರು, ಬ್ರಿಟಿಷರಿಗೆ ಸಲೀಸಾಯ್ತು" ಅಂದ್ರಿ. ಪುಟ್ಟಿ, ಅದನ್ನ ಹಾಗೇ ಬರೀಬೇಡ ಕಣೇ. ಇಡೀ ಖಂಡದ ಚರಿತ್ರೆ ಬರೆಯೋಕೂ ಹೋಗಬೇಡ. ಕಡಿಮೆ ಅಂದ್ರೂ 50,000 ವರ್ಷ, 250ಕ್ಕೂ ಹೆಚ್ಚು ಭಾಷೆ, ಒಂದು ಚಾರ್ಟಲ್ಲಿ ಎಲ್ಲಿ ಹಿಡಿಸ್ತೀಯ? ನೀನಿರೋ ವಿಕ್ಟೋರಿಯಾದಲ್ಲೇ ಒಂದು ಜಾಗ ಇದೆ, ಬಜ್ ಬಿಮ್ ಅಂತ. ನೈಋತ್ಯ ಮೂಲೆಯಲ್ಲಿ, ಪೋರ್ಟ್‌ಲ್ಯಾಂಡ್ ಊರಿನ ಹತ್ರ. ಗುಂಡಿಚ್‌ಮಾರಾ ಜನರ ನೆಲ ಅದು. ಅದೊಂದನ್ನೇ ಹಿಡ್ಕೋ.

ಬಜ್ ಬಿಮ್ ಒಂದು ಜ್ವಾಲಾಮುಖಿ. ಸುಮಾರು 37,000 ವರ್ಷದ ಹಿಂದೆ ಉಕ್ಕಿದ ಲಾವಾ ಸಮುದ್ರದವರೆಗೂ ಹರಿದು ಗಟ್ಟಿಯಾಗಿ ಕಪ್ಪು ಬಸಾಲ್ಟ್ ಕಲ್ಲಿನ ಬಯಲಾಯ್ತು. ನೀರಿನ ದಾರಿ ಅಡ್ಡಡ್ಡ ಕಟ್ಟಿಹೋಗಿ ಕೆರೆ, ಜೌಗು ಹುಟ್ಟಿಕೊಂಡವು. ದೊಡ್ಡ ಕೆರೆಗೆ ಅವರ ಹೆಸರು ಟೇ ರಕ್, ನಕ್ಷೆಯಲ್ಲಿ ಲೇಕ್ ಕಾಂಡಾ. ಅಲ್ಲಿ ಸಿಗೋದು ಕೂಯಾಂಗ್, ಅಂದ್ರೆ ಹಾವುಮೀನು. ಈ ಮೀನಿನ ಬದುಕು ಗೊತ್ತಿಲ್ಲದೆ ಆ ಕಾಲುವೆಗಳು ಅರ್ಥ ಆಗಲ್ಲ. ಇದು ಮೊಟ್ಟೆ ಇಡೋದು ಸಾವಿರಾರು ಕಿಲೋಮೀಟರ್ ದೂರದ ಕೋರಲ್ ಸಮುದ್ರದಲ್ಲಿ. ಮರಿಗಳು ಹೊಳೆ ಹತ್ತಿ ಒಳನಾಡಿಗೆ ಬಂದು, ಸಿಹಿನೀರಲ್ಲಿ ಹತ್ತಿಪ್ಪತ್ತು ವರ್ಷ ಬೆಳೆದು, ಶರತ್ಕಾಲದ ಮಳೆಗೆ ಹೊಳೆ ಏರಿದಾಗ ಸಮುದ್ರಕ್ಕೆ ವಾಪಸ್ ಇಳೀತವೆ. ಅಲ್ಲಿ ಶರತ್ಕಾಲ ಅಂದ್ರೆ ಮಾರ್ಚ್‌ನಿಂದ ಮೇ. ಕೊಳದಲ್ಲಿ ಇದು ಮರಿ ಹಾಕಲ್ಲ. ಹಾಗಾಗಿ ಅವರು ಮಾಡಿದ್ದು ತಳಿ ಬೆಳೆಸೋ ಕೆಲಸ ಅಲ್ಲ. ಬಂದ ಮರಿಯನ್ನ ಒಳಗೆ ಸೇರಿಸ್ಕೊಂಡು, ತಡೆದಿಟ್ಟು, ಕೊಬ್ಬಿಸಿ, ಬೇಕಾದಾಗ ಹಿಡಿಯೋದು.

ಹೇಗೆ ಅಂದ್ರೆ, ಲಾವಾ ಬಂಡೆ ಬಿರುಕಿರೋ ಕಡೆ ಕಲ್ಲುಗಳನ್ನ ಮೀಟಿ ತೆಗೆದು ಕಾಲುವೆ ಬಿಡಿಸೋರು. ತೆಗೆದ ಕಲ್ಲನ್ನೇ ಪಕ್ಕದಲ್ಲಿ ಗಾರೆ ಇಲ್ಲದೆ ಪೇರಿಸಿ ಗೋಡೆ. ಕೆರೆ ತುಂಬಿದಾಗ ನೀರು, ಅದರ ಜೊತೆ ಮೀನು, ಕಾಲುವೆಯಲ್ಲಿ ಹರಿದು ತಗ್ಗಿನ ಕೊಳಕ್ಕೆ ಬೀಳುತ್ತೆ. ನೀರು ಇಳಿದ ಮೇಲೂ ಕೊಳದಲ್ಲಿ ಮೀನು ಉಳಿಯುತ್ತೆ. ಹೊರಗೆ ಹೋಗೋ ಬಾಯಿಗೆ ಕಲ್ಲಿನ ಅಡ್ಡಕಟ್ಟೆ, ನಡುವೆ ಒಂದು ಕಿಂಡಿ, ಕಿಂಡಿಗೆ ಹುಲ್ಲಿನಲ್ಲಿ ಹೆಣೆದ ಉದ್ದನೆ ಬುಟ್ಟಿ. ನಮ್ಮ ಮಲೆನಾಡಲ್ಲಿ ಮಳೆಗಾಲಕ್ಕೆ ಹೊಳೆ ಹತ್ತಿ ಬರೋ ಹತ್ತುಮೀನಿಗೆ ಕೂಣಿ ಅನ್ನೋ ಬುಟ್ಟಿ ಒಡ್ಡಲ್ವಾ, ನೋಡೋಕೆ ಹಾಗೇ. ಆದ್ರೆ ಕೂಣಿಯೊಳಗೆ ಹೋದ ಮೀನು ಅಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ. ಇವರ ಬುಟ್ಟಿ ಬಾಲದ ಕಡೆ ಸಣ್ಣಗಾಗಿ ತೆರೆದೇ ಇರುತ್ತೆ. ಮೀನು ಒಂದೊಂದಾಗಿ ತಲೆ ಹೊರಗೆ ಹಾಕ್ಬೇಕು, ಅಲ್ಲಿ ಕೂತಿರೋನು ಹಿಡೀಬೇಕು. ಹೀಗಾಗಿ ಬೇಕಾದ ಗಾತ್ರದ್ದು ಇಟ್ಕೊಂಡು ಸಣ್ಣದನ್ನ ಬಿಡೋಕಾಗುತ್ತೆ. ಕಟ್ಟೆಯ ಎತ್ತರ ತಪ್ಪಿದ್ರೆ ಮಾತ್ರ ಎಲ್ಲಾ ಹೋಯ್ತು: ತಗ್ಗಾದ್ರೆ ಪ್ರವಾಹದಲ್ಲಿ ಮೀನು ಮೇಲಿಂದ ದಾಟಿಹೋಗುತ್ತೆ, ಎತ್ತರ ಆದ್ರೆ ಕೆಳಗಿನ ಕೊಳಕ್ಕೆ ನೀರೇ ಸಿಗಲ್ಲ. ಪ್ರತಿ ವರ್ಷ ಹೂಳು ತೆಗೀಬೇಕು, ಜಾರಿದ ಕಲ್ಲು ಕೂರಿಸಬೇಕು. ಅಲೆಮಾರಿಗಳು ಮಾಡೋ ಕೆಲಸವಾ ಚಿಕ್ಕಪ್ಪ ಇದು?

ಕಾಲ ಎಷ್ಟು ಅಂದ್ರೆ 6,600 ವರ್ಷ. ಕಲ್ಲಿಗೆ ನೇರವಾಗಿ ವಯಸ್ಸು ಹೇಳೋಕಾಗಲ್ಲ. ಕಾಲುವೆ ತಳದ ಹೂಳಿನಲ್ಲಿ ಕೂತಿದ್ದ ಇದ್ದಿಲ ಚೂರುಗಳಿಗೆ ರೇಡಿಯೋಕಾರ್ಬನ್ ಪರೀಕ್ಷೆ ಮಾಡಿ ಲೆಕ್ಕ ಹಾಕಿದ್ದು. ಪಕ್ಕದಲ್ಲೇ ಕಲ್ಲಿನ ಅರ್ಧವೃತ್ತದ ಮನೆಗಳ ಬುನಾದಿಯೂ ಇದೆ, ಮೇಲೆ ಕೊಂಬೆ, ತೊಗಟೆ, ಹುಲ್ಲುಹೆಂಟೆ ಹೊದಿಸೋರು. ಪುಟ್ಟಿ, ಕೆಲವು ವೃತ್ತಗಳು ಮರ ಬಿದ್ದು ಆದವು ಅನ್ನೋ ವಾದ ಇದೆ. ಟೀಚರ್ ಕೇಳಿದ್ರೆ ಒಪ್ಕೋ, ಎಲ್ಲಾ ವೃತ್ತವೂ ಮನೆ ಅಂತ ಹಟ ಮಾಡಬೇಡ. ಕಾಲುವೆ ಮಾತ್ರ ಮನುಷ್ಯರದ್ದೇ.

ಇನ್ನು "ಸಲೀಸಾಯ್ತು" ಅನ್ನೋದು. ಪೋರ್ಟ್‌ಲ್ಯಾಂಡಿನ ತೀರಕ್ಕೆ ಮೊದಲು ತಿಮಿಂಗಿಲ ಬೇಟೆಯವರು ಬಂದ್ರು. ದಡಕ್ಕೆ ಬಿದ್ದ ಒಂದು ತಿಮಿಂಗಿಲ ಯಾರದು ಅಂತ ಜಗಳ ಆಗಿ, 1833 ಅಥವಾ 34ರಲ್ಲಿ ಒಂದು ಕುಲವನ್ನೇ ಗುಂಡಿಕ್ಕಿದ್ರು. ಆ ಜಾಗಕ್ಕೆ ಇವತ್ತಿಗೂ ಕನ್ವಿನ್ಸಿಂಗ್ ಗ್ರೌಂಡ್, ಅಂದ್ರೆ ಮನವರಿಕೆ ಮಾಡಿಸಿದ ನೆಲ, ಅಂತಲೇ ಹೆಸರು. 1834ರಲ್ಲಿ ಹೆಂಟಿ ಕುಟುಂಬ ಕುರಿ ತಂದು ನೆಲೆ ನಿಂತಿತು. ಮಾರನೇ ವರ್ಷ ನೆಲ ಹುಡುಕಿ ಬಂದ ಜಾನ್ ಬ್ಯಾಟ್‌ಮನ್ ಅನ್ನೋನು ಮೆಲ್ಬರ್ನ್ ಕಡೆಯ ಮೂಲನಿವಾಸಿಗಳ ಜೊತೆ ನೆಲದ ಒಪ್ಪಂದ ಅಂತ ಒಂದು ಮಾಡ್ಕೊಂಡ. ಬ್ರಿಟಿಷ್ ಗವರ್ನರ್ ಬರ್ಕ್ ಅದನ್ನ ರದ್ದು ಮಾಡಿ, ನೆಲ ಎಲ್ಲಾ ರಾಜನದ್ದು, ಮೂಲನಿವಾಸಿಗಳಿಗೆ ಮಾರೋ ಹಕ್ಕೇ ಇಲ್ಲ ಅಂತ ಘೋಷಿಸಿದ. ಚಿಕ್ಕಪ್ಪ, ಬ್ರಿಟಿಷರು ಹೇಳ್ಕೊಂಡ "ಯಾರದ್ದೂ ಅಲ್ಲದ ನೆಲ" ಅನ್ನೋದು ಕಣ್ಣಲ್ಲಿ ಕಂಡಿದ್ದಲ್ಲ, ಕಾಗದದಲ್ಲಿ ಬರೆದಿದ್ದು. ಯಾಕಂದ್ರೆ 1841ರಲ್ಲಿ ಸರ್ಕಾರದ್ದೇ ಅಧಿಕಾರಿ ಜಾರ್ಜ್ ಅಗಸ್ಟಸ್ ರಾಬಿನ್ಸನ್ ಪಶ್ಚಿಮ ವಿಕ್ಟೋರಿಯಾ ಸುತ್ತಿ, ಮೌಂಟ್ ವಿಲಿಯಂ ಬೆಟ್ಟದ ಹತ್ರ ಹಾವುಮೀನಿಗೆ ತೋಡಿದ ಕಾಲುವೆಗಳು ಹದಿನೈದು ಎಕರೆ ಹರಡಿದ್ದನ್ನ ದಿನಚರಿಯಲ್ಲಿ ದಾಖಲಿಸಿದಾನೆ.

ಗುಂಡಿಗಿಂತ ಹೆಚ್ಚು ಹಾಳು ಮಾಡಿದ್ದು ಕುರಿ ಅಂತ ನನಗನ್ಸುತ್ತೆ. ಹೆಂಗಸರು ಅಗೆದು ತರ್ತಿದ್ದ ಮುರ್ನಾಂಗ್ ಅನ್ನೋ ಗೆಡ್ಡೆಯನ್ನ ಕುರಿ ಬುಡಸಮೇತ ತಿಂದವು, ಗೊರಸಿಗೆ ಮಣ್ಣು ಗಟ್ಟಿಯಾಯ್ತು, ಕೆಲವೇ ವರ್ಷದಲ್ಲಿ ಗೆಡ್ಡೆ ಕಾಣೆ. ಹಸಿದವರು ಕುರಿ ಹೊಡ್ಕೊಂಡು ಹೋದ್ರು, ಅದಕ್ಕೆ ಬಂದೂಕು. 1840ರ ದಶಕದ ಯೂಮರೆಲ್ಲಾ ಯುದ್ಧ ಅದೇ. ಗುಂಡಿಚ್‌ಮಾರಾಗಳು ಲಾವಾ ಕಲ್ಲಿನ ಮಧ್ಯೆ ನಿಂತು ಹೋರಾಡಿದ್ರು, ಅಲ್ಲಿ ಕುದುರೆ ಕಾಲೇ ಊರಲ್ಲ. ಕೊನೆಗೆ ಬೇರೆ ಕಡೆಯ ಮೂಲನಿವಾಸಿಗಳನ್ನೇ ಸೇರಿಸಿಕೊಂಡ ನೇಟಿವ್ ಪೊಲೀಸ್ ಪಡೆ ತರಬೇಕಾಯ್ತು.

ಉಳಿದವರನ್ನ 1867ರಲ್ಲಿ ಲೇಕ್ ಕಾಂಡಾದ ಚರ್ಚ್ ಮಿಷನ್ನಿಗೆ ಸೇರಿಸಿದ್ರು. 1886ರ ಕಾನೂನು ಮಿಶ್ರ ರಕ್ತದವರು 34 ವರ್ಷದೊಳಗಿದ್ರೆ ಮಿಷನ್ ಬಿಡ್ಬೇಕು ಅಂತು. ಒಂದೇ ಮನೆಯಲ್ಲಿ ಅಜ್ಜಿ ಒಳಗೆ, ಮೊಮ್ಮಗ ಹೊರಗೆ. ದುಡಿಯೋ ಕೈಗಳೇ ಹೋದ ಮೇಲೆ ಮಿಷನ್ 1919ರಲ್ಲಿ ಮುಚ್ಚಿತು. ಅಲ್ಲಿಂದ ಲವೆಟ್ ಮನೆತನದ ಐದು ಅಣ್ಣತಮ್ಮಂದಿರು ಮೊದಲ ಮಹಾಯುದ್ಧಕ್ಕೆ ಹೋಗಿ ಬದುಕಿ ಬಂದ್ರು. ಸೈನಿಕರಿಗೆ ಕೊಡೋ ಜಮೀನು ಕೇಳಿದ್ರೆ ಸಿಗಲಿಲ್ಲ. ಕೆರೆಯನ್ನೂ ಬಿಡಲಿಲ್ಲ, ಮೇವಿಗೆ ಅಂತ ಕಾಲುವೆ ತೋಡಿ ನೀರು ಬಸಿದ್ರು. ಸಾವಿರಾರು ವರ್ಷದ ಕಟ್ಟೆಗಳು ಒಣಗಿ ನಿಂತವು.

ಅತ್ತೆ ಕಳಿಸಿದ ಫಾರ್ವರ್ಡಲ್ಲಿ ಮೂಲನಿವಾಸಿಗಳಿಗೆ ವೋಟು 1967ರಲ್ಲಿ ಅಂತಿದೆ, ಅದು ತಪ್ಪು. ಕೇಂದ್ರ ಚುನಾವಣೆಯಲ್ಲಿ ಎಲ್ಲರಿಗೂ ವೋಟು 1962ರಲ್ಲಿ. 1967ರ ಜನಮತದಲ್ಲಿ ಬದಲಾಗಿದ್ದು ಸಂವಿಧಾನದ ಎರಡು ಕಡೆ: ಅವರನ್ನ ಜನಸಂಖ್ಯೆಯ ಲೆಕ್ಕದಿಂದ ಬಿಡೋ ಕಲಂ ಹೋಯ್ತು, ಅವರಿಗಾಗಿ ಕಾನೂನು ಮಾಡೋ ಅಧಿಕಾರ ಕೇಂದ್ರಕ್ಕೆ ಬಂತು. "ಯಾರದ್ದೂ ಅಲ್ಲದ ನೆಲ" ಅನ್ನೋದನ್ನ ಹೈಕೋರ್ಟು, ಅಲ್ಲಿ ಅದೇ ಅತಿ ದೊಡ್ಡ ಕೋರ್ಟು, ತಳ್ಳಿಹಾಕಿದ್ದು ಎಡ್ಡಿ ಮಾಬೋ ಅನ್ನೋರ ಕೇಸಿನ 1992ರ ತೀರ್ಪಲ್ಲಿ. ಗುಂಡಿಚ್‌ಮಾರಾಗಳ ನೆಲದ ಹಕ್ಕು 2007ರಲ್ಲಿ ಒಪ್ಪಿತವಾಯ್ತು. 2010ರಲ್ಲಿ ಹೊಸ ಅಡ್ಡಕಟ್ಟೆ ಕಟ್ಟಿ ಕೆರೆಗೆ ನೀರು ನಿಲ್ಲಿಸಿದ್ರು, 2019ರಲ್ಲಿ ಬಜ್ ಬಿಮ್ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಮಾರನೇ ವರ್ಷದ ಕಾಡ್ಗಿಚ್ಚಿಗೆ ಹುಲ್ಲು ಸುಟ್ಟಾಗ ಅಡಗಿದ್ದ ಇನ್ನೊಂದು ಕಾಲುವೆ ಕಾಣಿಸ್ತು, ಸುಮಾರು 25 ಮೀಟರ್.

ಪುಟ್ಟಿ, ಚಾರ್ಟಲ್ಲಿ ಬುಟ್ಟಿ ಬರೆಯುವಾಗ ಬಾಲದ ಕಡೆ ತೆರೆದೇ ಬರಿ, ಪಕ್ಕದಲ್ಲಿ ಒಂದು ಕೈಯನ್ನೂ ಬರಿ. ಮುಚ್ಚಿಬಿಟ್ರೆ ಅದು ನಮ್ಮ ಕೂಣಿ ಆಗಿಬಿಡುತ್ತೆ.