ಸೆಕೆಂಡ್ ಹ್ಯಾಂಡ್ ರೋಬೋ ವ್ಯಾಕ್ಯೂಮ್: ಅಡುಗೆಮನೆಗೆ ಹೋಗಲ್ಲ, 20 ನಿಮಿಷಕ್ಕೇ ನಿಲ್ಲುತ್ತೆ, ಆ್ಯಪ್‌ಗೂ ಸೇರುತ್ತಿಲ್ಲ

ಮೈಸೂರು_ಮನೆ:
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಸೊಂಟ ನೋವು, ಬಗ್ಗಿ ಕಸ ಗುಡಿಸೋಕೆ ಆಗುತ್ತಿಲ್ಲ. ಅದಕ್ಕೆ ಲೇಸರ್ ಇರುವ ಹಳೆಯ ರೋಬೋ ವ್ಯಾಕ್ಯೂಮ್ ಒಂದನ್ನು ಜಾಹೀರಾತು ನೋಡಿ ತಂದೆವು. ಮಾರಿದವರ ಮನೆಯಲ್ಲಿ ಚೆನ್ನಾಗಿಯೇ ಓಡಿತ್ತು. ಇಲ್ಲಿ ಹಾಲ್‌ನ ಬಿಳಿ ಟೈಲ್ಸ್ ಮೇಲೆ ಸರಿಯಾಗಿದೆ. ಅಡುಗೆಮನೆಯಲ್ಲಿ ಕಪ್ಪು ಗ್ರಾನೈಟ್ ಇದೆ, ಅಲ್ಲಿಗೆ ಹೋದ ಕೂಡಲೇ ಹಿಂದೆ ಸರಿದು, ಅತ್ತಿತ್ತ ತಿರುಗಿ ನಿಂತುಬಿಡುತ್ತೆ. ಫುಲ್ ಚಾರ್ಜ್ ಆಗಿದ್ದರೂ ಸುಮಾರು 20 ನಿಮಿಷಕ್ಕೆ ಆಫ್. ಆ್ಯಪ್‌ಗೆ ಸೇರಿಸಲು ಹೋದರೆ ಬೇರೆಯವರ ಅಕೌಂಟ್‌ನಲ್ಲಿದೆ ಅಂತ ಬರುತ್ತೆ. ಬ್ಯಾಟರಿ ಬದಲಿಸಿದರೆ ಎಲ್ಲ ಸರಿಹೋಗುತ್ತೆ ಅಂತ ರಿಪೇರಿ ಅಂಗಡಿಯವರು ಹೇಳಿದರು. ಹಾಕಿಸಲೇ?

ಬೆಸುಗೆ:
ಈಗಲೇ ಬ್ಯಾಟರಿ ಕೊಳ್ಳಬೇಡಿ. ಇವು ಮೂರೂ ಬೇರೆ ಬೇರೆ ತೊಂದರೆಗಳು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ.

ಮೊದಲು ಅಡುಗೆಮನೆ. ಮಷೀನ್ ತಿರುಗಿಸಿ ನೋಡಿ. ಅಂಚಿನ ಸುತ್ತ ಚಿಕ್ಕ ಕಪ್ಪು ಗಾಜಿನ ಕಿಟಕಿಗಳಿರುತ್ತವೆ. ಅವು ಕ್ಲಿಫ್ ಸೆನ್ಸರ್, ಮೆಟ್ಟಿಲಿಂದ ಬೀಳದಂತೆ ಕಾಯುವುದು ಇವೇ. ಕೆಳಗೆ ಇನ್‌ಫ್ರಾರೆಡ್ ಬೆಳಕು ಬಿಡುತ್ತವೆ, ನೆಲದಿಂದ ಅದು ವಾಪಸ್ ಬಂದರೆ ನೆಲ ಇದೆ ಅಂತ ಲೆಕ್ಕ. ಕಪ್ಪು ನೆಲ ಬೆಳಕನ್ನು ಹೀರಿಕೊಂಡರೆ ಮುಂದೆ ಗುಂಡಿ ಇದೆ ಅಂದುಕೊಂಡು ಹಿಂದೆ ಸರಿಯುತ್ತದೆ. ಸೆನ್ಸರ್ ಮೇಲೆ ಧೂಳು ಕೂತಿದ್ದರೆ ಇನ್ನೂ ಜಾಸ್ತಿ. ಒಣ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ. ಆಮೇಲೆ ಗ್ರಾನೈಟ್ ಮೇಲೆ ಒಂದಷ್ಟು ಬಿಳಿ ಹಾಳೆಗಳನ್ನು ಹರಡಿ ಅಂಟಿಸಿ, ಅದರ ಮೇಲೆ ಓಡಿಸಿ. ಹಾಳೆ ಮೇಲೆ ಹೋಗಿ, ಬರೀ ಕಲ್ಲಿನ ಮೇಲೆ ಹೋಗದಿದ್ದರೆ ಮಷೀನ್ ಕೆಟ್ಟಿಲ್ಲ, ನೆಲದ ಬಣ್ಣ ಆಗಿಬರುತ್ತಿಲ್ಲ ಅಷ್ಟೇ.

ಹಾಲ್‌ನಲ್ಲೂ ಒಂದೇ ಕಡೆಗೆ ಗಿರಗಿರ ತಿರುಗಿದರೆ ಮಾತ್ರ ಬೇರೆ ಕಥೆ. ಆಗ ಒಂದು ಚಕ್ರದ ಮೋಟರ್ ಹೋಗಿರಬಹುದು, ಇಲ್ಲ ಮುಂದಿನ ಬಂಪರ್ ಒಳಕ್ಕೆ ಸಿಕ್ಕಿಕೊಂಡಿರಬಹುದು. ಬಂಪರನ್ನು ಎಡಕ್ಕೂ ಬಲಕ್ಕೂ ಒತ್ತಿ ನೋಡಿ, ಟಿಕ್ ಅಂತ ಹೊರಗೆ ಬರಬೇಕು.

ಇನ್ನು 20 ನಿಮಿಷದ ವಿಷಯ. ಮೇನ್ ಬ್ರಷ್ ಬಿಚ್ಚಿ, ಎರಡೂ ತುದಿಯ ಕ್ಯಾಪ್ ತೆಗೆಯಿರಿ. ಉದ್ದ ಕೂದಲು ಇರುವ ಮನೆಯಲ್ಲಿ ಓಡಿದ ಮಷೀನ್ ಆದರೆ ಅಲ್ಲಿ ಕೂದಲು ಬಿಗಿಯಾಗಿ ಸುತ್ತಿಕೊಂಡಿರುತ್ತೆ. ಬ್ರಷ್ ಬಿಗಿಯಾದರೆ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಚಾರ್ಜ್ ಬೇಗ ಖಾಲಿ. ಸೈಡ್ ಬ್ರಷ್ ಮತ್ತು ಮುಂದಿನ ಚಿಕ್ಕ ಚಕ್ರದ ಬುಡವನ್ನೂ ನೋಡಿ. ಡಾಕ್‌ನ (ಚಾರ್ಜ್ ಆಗಲು ಮಷೀನ್ ಹೋಗಿ ನಿಲ್ಲುವ ಸ್ಟ್ಯಾಂಡ್) ಎರಡು ಲೋಹದ ಪಟ್ಟಿ, ಮಷೀನ್ ಕೆಳಗಿನ ಎರಡು ಪಟ್ಟಿ, ಇವನ್ನೂ ಉಜ್ಜಿ ಒರೆಸಿ. ಕಿಲುಬು ಹಿಡಿದಿದ್ದರೆ ಚಾರ್ಜ್ ಪೂರ್ತಿ ಆಗಿರುವುದೇ ಇಲ್ಲ.

ಇಷ್ಟೆಲ್ಲ ಮಾಡಿದರೂ ಬದಲಾಗದಿದ್ದರೆ ಆಗ ಬ್ಯಾಟರಿ. ತುಂಬಾ ಮಾಡೆಲ್‌ಗಳಲ್ಲಿ 14.4 ವೋಲ್ಟ್ ಲಿಥಿಯಂ ಪ್ಯಾಕ್ ಇರುತ್ತದೆ, ಸರಣಿಯಲ್ಲಿ ನಾಲ್ಕು ಸೆಲ್. ತುಂಬಿದಾಗ ಮಲ್ಟಿಮೀಟರ್‌ನಲ್ಲಿ (ವೋಲ್ಟೇಜ್ ಅಳೆಯುವ ಮೀಟರ್) 16 ವೋಲ್ಟ್ ದಾಟಬೇಕು. 12–13ರ ಹತ್ತಿರವೇ ನಿಂತಿದ್ದರೆ ಒಂದು ಸೆಲ್ ಸತ್ತಿದೆ ಅಂತಲೇ ಅನುಮಾನಿಸಿ. ಪ್ಯಾಕ್ ಒಡೆದು ಮನೆಯಲ್ಲಿ ಸೆಲ್ ಬದಲಿಸಲು ದಯವಿಟ್ಟು ಹೋಗಬೇಡಿ. ಲಿಥಿಯಂ ಸೆಲ್ ಶಾರ್ಟ್ ಆದರೆ ಬೆಂಕಿ ಹತ್ತುತ್ತದೆ. ಬೆಂಗಳೂರಿನ ಎಸ್‌.ಪಿ. ರೋಡ್ ಕಡೆ ಸ್ಪಾಟ್ ವೆಲ್ಡಿಂಗ್ ಮಾಡಿ ಪ್ಯಾಕ್ ಕಟ್ಟಿಕೊಡುವವರಿದ್ದಾರೆ. ಅದೇ ವೋಲ್ಟೇಜ್, ಅದೇ ಕನೆಕ್ಟರ್ ನೋಡಿಕೊಳ್ಳಿ.

ಕರಾವಳಿ_ಟೆಕ್:
ಅಕೌಂಟ್ ವಿಷಯ ನಾನು ಹೇಳುತ್ತೇನೆ. ನಿಜ ಹೇಳಬೇಕೆಂದರೆ ನಿಮ್ಮ ಮೂರರಲ್ಲಿ ನನಗೆ ಚಿಂತೆ ಇದರದ್ದೇ. ಬ್ರಷ್, ಬ್ಯಾಟರಿ ದುಡ್ಡಿಗೆ ಸಿಗುತ್ತವೆ. ಹಳೆಯ ಮಾಲೀಕರು ತಮ್ಮ ಆ್ಯಪ್‌ನಿಂದ ತೆಗೆಯದಿದ್ದರೆ ಕೆಲವು ಬ್ರ್ಯಾಂಡ್‌ಗಳಲ್ಲಿ ವೈಫೈ ರಿಸೆಟ್ ಮಾಡಿದರೂ ಪ್ರಯೋಜನ ಇಲ್ಲ. ಮಷೀನ್ ವಾಪಸ್ ಒಯ್ಯಬೇಕಿಲ್ಲ. ಅವರಿಗೆ ಫೋನ್ ಮಾಡಿ, ಆ್ಯಪ್‌ನಲ್ಲಿ ಡಿವೈಸ್ ಡಿಲೀಟ್ ಮಾಡಲು ಕೇಳಿ. ಅವರಿಗೂ ಒಳ್ಳೆಯದು, ಅವರ ಮನೆಯ ಮ್ಯಾಪ್ ಅದರಲ್ಲಿ ಉಳಿದಿರಬಹುದಲ್ವಾ? ಆಮೇಲೆ ನೀವು ರಿಸೆಟ್ ಮಾಡಿ ಸೇರಿಸಿ. ಹಳೆಯ ರೋಬೋಗಳಲ್ಲಿ ಬಹಳಷ್ಟಕ್ಕೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಕಾಣುತ್ತದೆ, 5 ಕಾಣುವುದಿಲ್ಲ. ಆ್ಯಪ್‌ನಲ್ಲಿ ದೇಶ ಕೇಳಿದರೆ ಅದನ್ನೂ ಸರಿಯಾಗಿ ಆರಿಸಿ. ಚೀನಾ ಮಾರುಕಟ್ಟೆಗೆ ಮಾಡಿದ ಮಷೀನ್ ಆದರೆ ಇಂಡಿಯಾ ಆರಿಸಿದಾಗ ಸೇರದೇ ಇರಬಹುದು.

ಮೈಸೂರು_ಮನೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಾರಿದವರು ಪಾಪ, ಫೋನ್ ಮಾಡಿದ ಕೂಡಲೇ ಡಿಲೀಟ್ ಮಾಡಿದರು. 2.4ಕ್ಕೆ ಹಾಕಿದ ಮೇಲೆ ಆ್ಯಪ್‌ಗೆ ಸೇರಿತು. ಬ್ರಷ್ ತುದಿಯಲ್ಲಿ ಕೂದಲಿನ ಉಂಡೆಯೇ ಇತ್ತು, ಕತ್ತರಿ ಹಾಕಿ ಬಿಡಿಸಬೇಕಾಯಿತು. ಈಗ ಮುಕ್ಕಾಲು ಗಂಟೆ ಓಡುತ್ತದೆ, ಹಾಲ್ ಮತ್ತು ಎರಡು ರೂಮಿಗೆ ಸಾಕು. ಬಿಳಿ ಹಾಳೆ ಮೇಲೆ ಸಲೀಸಾಗಿ ಹೋಯಿತು. ಸೆನ್ಸರ್ ಒರೆಸಿದರೂ ಗ್ರಾನೈಟ್ ಮೇಲೆ ಮಾತ್ರ ಹೋಗುತ್ತಿಲ್ಲ. ಸೆನ್ಸರ್‌ಗೆ ಬಿಳಿ ಟೇಪ್ ಅಂಟಿಸಿ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಅಂಟಿಸಬಹುದಾ? ನಮ್ಮ ಅಡುಗೆಮನೆಯಿಂದ ಹಿತ್ತಿಲಿಗೆ ಮೂರು ಮೆಟ್ಟಿಲು ಇಳಿಯಬೇಕು.

ಬೆಸುಗೆ:
ಮೆಟ್ಟಿಲು ಇದೆ ಅಂದಮೇಲೆ ಬೇಡವೇ ಬೇಡ. ಟೇಪ್ ಹಾಕಿದರೆ ಮಷೀನ್‌ಗೆ ಎಲ್ಲ ಕಡೆ ನೆಲ ಇದೆ ಅಂತಲೇ ಅನಿಸುತ್ತದೆ, ನೇರವಾಗಿ ಹಿತ್ತಿಲಿಗೆ ಉರುಳುತ್ತದೆ. ಮೇಲಿರುವ ಲೇಸರ್ ಗೋಪುರಕ್ಕೆ (ಮನೆಯ ಮ್ಯಾಪ್ ಮಾಡುವ ಗುಂಡನೆಯ ಭಾಗ) ಪೆಟ್ಟು ಬಿದ್ದರೆ ರಿಪೇರಿ ದುಬಾರಿ. ಆ್ಯಪ್ ಈಗ ಸಿಕ್ಕಿದೆಯಲ್ಲ, ಮ್ಯಾಪ್‌ನಲ್ಲಿ ಅಡುಗೆಮನೆಯನ್ನು ನೋ-ಗೋ ಝೋನ್ (ಮಷೀನ್ ಹೋಗಬಾರದ ಜಾಗ) ಮಾಡಿ. ಆ ಒಂದು ಜಾಗಕ್ಕೆ ಅಮ್ಮನಿಗೆ ಉದ್ದ ಹಿಡಿಯ ಪೊರಕೆ ತಂದುಕೊಡಿ, ಬಗ್ಗಬೇಕಾಗುವುದಿಲ್ಲ.

ಕರಾವಳಿ_ಟೆಕ್:
ಒಂದು ಮಾತು ಬಿಟ್ಟುಹೋಗಿತ್ತು. ಬಾಗಿಲ ಮುಂದಿನ ರಂಗೋಲಿ ಪುಡಿ, ದೇವರ ಮನೆಯ ಊದುಬತ್ತಿ ಬೂದಿ ಇದರಿಂದ ಎಳೆಸಬೇಡಿ. ಅಷ್ಟು ಸಣ್ಣ ಪುಡಿ ಫಿಲ್ಟರ್ ಮುಚ್ಚಿಬಿಡುತ್ತದೆ. ಫಿಲ್ಟರ್ ತೊಳೆಯುವಂಥದ್ದಾದರೆ ತೊಳೆದು, ಒಂದು ಇಡೀ ದಿನ ಒಣಗಿಸಿಯೇ ಹಾಕಿ.