ಹತ್ತು ಸಾವಿರಕ್ಕೆ ತೊಂಬತ್ತು

(ಗುಂಪು: ನಮ್ಮ ಮನೆಮಂದಿ)

ದೊಡ್ಡಪ್ಪ: [ಫಾರ್ವರ್ಡ್] ಎಚ್ಚರ!! ಕಿಡ್ನಿ ಕೊಟ್ಟವರ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ. ಹತ್ತು ವರ್ಷದೊಳಗೆ ಅವರಿಗೇ ಡಯಾಲಿಸಿಸ್ ಶುರುವಾಗುತ್ತದೆ. ಹಾಕಿಸಿಕೊಂಡವರೂ ಐದು ವರ್ಷ ದಾಟುವುದಿಲ್ಲ. ಡಾಕ್ಟರುಗಳು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಿಮ್ಮವರಿಗೆಲ್ಲ ಕಳಿಸಿ.

ದೊಡ್ಡಪ್ಪ: ಸವಿತಾ, ಇದನ್ನೊಂದು ಸಲ ಓದಮ್ಮ. ನಿನ್ನ ಗಂಡ ಕಿರಣನಿಗೆ ನೀನೇ ಕಿಡ್ನಿ ಕೊಡ್ತೀನಿ ಅಂತ ಹೊರಟಿದ್ದೀಯಂತೆ. ನಿನಗಿನ್ನೂ 31.

ಲೀಲತ್ತೆ: ಅಣ್ಣ, ಮನೆಯಲ್ಲಿ ಮೊದಲೇ ಯಾರಿಗೂ ನಿದ್ದೆ ಇಲ್ಲ. ಇದನ್ನ ಗುಂಪಲ್ಲೇ ಹಾಕಬೇಕಿತ್ತಾ?

ದೊಡ್ಡಪ್ಪ: ಹೆದರಿಸೋದಕ್ಕಲ್ಲ ಲೀಲಾ. ಗೊತ್ತಿಲ್ಲದೆ ಹೆಜ್ಜೆ ಇಡಬಾರದು ಅಂತ ಅಷ್ಟೇ.

ಪ್ರಶಾಂತ: ಅಪ್ಪಾ, ಇದನ್ನ ಬರೆದವರ ಹೆಸರೂ ಇಲ್ಲ. ಒಂದು ಕಿಡ್ನಿ ಇದ್ದರೆ ಸಾಕು, ಕೊಟ್ಟವರಿಗೆ ಏನೂ ಆಗೋದಿಲ್ಲ. 2014ರಲ್ಲಿ ಅಮೆರಿಕದ ದೊಡ್ಡ ಲೆಕ್ಕ ಬಂದಿದೆ. ಕಿಡ್ನಿ ಕೊಟ್ಟ 96,217 ಜನರನ್ನ ನೋಡಿದ್ದಾರೆ. ಕೊಟ್ಟವರಲ್ಲಿ ಇಡೀ ಜೀವಮಾನದಲ್ಲಿ ಕಿಡ್ನಿ ಪೂರ್ತಿ ನಿಂತುಹೋಗುವ ಸಾಧ್ಯತೆ 10,000ಕ್ಕೆ 90. ಸಾಮಾನ್ಯ ಜನರಲ್ಲಿ 326! ಅಂದ್ರೆ ಕೊಟ್ಟವರೇ ಹೆಚ್ಚು ಸೇಫ್.

ದೊಡ್ಡಪ್ಪ: ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟವನು ನಾನು. ಒಂದು ಕೇಳ್ತೀನಿ. ಕಿಡ್ನಿ ತೆಗೆದುಕೊಳ್ಳುವ ಮೊದಲು ಬಿಪಿ, ಶುಗರ್ ಇರುವವರನ್ನೆಲ್ಲ ಬೇಡ ಅಂತ ವಾಪಸ್ ಕಳಿಸ್ತಾರೆ. ಗಟ್ಟಿಮುಟ್ಟಾದವರನ್ನೇ ಆರಿಸ್ತಾರೆ. ಆಮೇಲೆ ಅವರನ್ನ ಕಾಯಿಲೆ ಇರುವವರೂ ಸೇರಿದ ಎಲ್ಲರ ಜೊತೆ ಹೋಲಿಸಿದರೆ ಅದು ಯಾವ ಲೆಕ್ಕ?

ಶೋಭಾ: ದೊಡ್ಡಪ್ಪ, ನೀವು ಕಳಿಸಿದ ಮೆಸೇಜು ತಪ್ಪು. ಈಗ ಕೇಳಿದ ಪ್ರಶ್ನೆ ಮಾತ್ರ ತುಂಬಾ ಸರಿ.

ಶೋಭಾ: ಈ ಗುಂಪಲ್ಲಿ ಕಿಡ್ನಿ ಕೊಟ್ಟವಳು ನಾನೊಬ್ಬಳೇ, ನನ್ನದನ್ನ ಹಾಕಿಸಿಕೊಂಡವನು ತಮ್ಮ ಮಧು. 12 ವರ್ಷ ಆಯ್ತು. ಸ್ವಲ್ಪ ಉದ್ದ ಬರೀತೀನಿ, ಓದಿ.

ಮೊದಲು "ಆಯಸ್ಸು ಅರ್ಧ" ಅನ್ನೋದು. ಅದು ಶುದ್ಧ ಸುಳ್ಳು. ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 1963ರಿಂದ 2007ರವರೆಗೆ ಕಿಡ್ನಿ ಕೊಟ್ಟ 3,698 ಜನರ ಬಗ್ಗೆ 2009ರಲ್ಲಿ ವರದಿ ಬಂತು. ಅವರ ಆಯಸ್ಸು ಉಳಿದ ಜನರ ಆಯಸ್ಸಿನಷ್ಟೇ ಇತ್ತು. ಕಿಡ್ನಿ ಪೂರ್ತಿ ಕೈಕೊಟ್ಟಿದ್ದು 11 ಜನರಿಗೆ. 1954ರ ಡಿಸೆಂಬರ್ 23ರಂದು ಬಾಸ್ಟನ್‌ನಲ್ಲಿ ತನ್ನ ಅವಳಿ ತಮ್ಮ ರಿಚರ್ಡ್‌ಗೆ ಕಿಡ್ನಿ ಕೊಟ್ಟ ರೊನಾಲ್ಡ್ ಹೆರಿಕ್ 2010ರವರೆಗೆ ಬದುಕಿದ್ದರು. 56 ವರ್ಷ, ಒಂದೇ ಕಿಡ್ನಿಯಲ್ಲಿ.

ದೊಡ್ಡಪ್ಪ: ಒಬ್ಬರ ಕಥೆ ಲೆಕ್ಕ ಆಗಲ್ಲ ಶೋಭಾ. ತಮ್ಮ ಎಷ್ಟು ವರ್ಷ ಇದ್ದ?

ಶೋಭಾ: ಎಂಟು ವರ್ಷ. ಮೊದಲಿದ್ದ ಕಾಯಿಲೆಯೇ ಹೊಸ ಕಿಡ್ನಿಗೂ ಬಂತು. ಆದರೆ ಆ ಆಪರೇಷನ್ ಇಲ್ಲದಿದ್ದರೆ ಆ ಎಂಟು ವರ್ಷವೂ ಅವನಿಗೆ ಸಿಗುತ್ತಿರಲಿಲ್ಲ. ಒಬ್ಬರ ಕಥೆ ಲೆಕ್ಕ ಅಲ್ಲ ಅನ್ನೋದನ್ನ ಒಪ್ಪುತ್ತೇನೆ. ಹಾಗಾಗಿ ಪ್ರಶಾಂತ ಹೇಳಿದ ಲೆಕ್ಕಕ್ಕೇ ಬರ್ತೀನಿ.

ಪ್ರಶಾಂತ, ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇತ್ತು. ನೀನು ಅದನ್ನ ಬಿಟ್ಟೆ. ಕಿಡ್ನಿ ಕೊಡುವವರಷ್ಟೇ ಆರೋಗ್ಯವಾಗಿದ್ದು, ಕೊಡದೆ ಇದ್ದವರಲ್ಲಿ ಎಷ್ಟು ಅಂತ. 10,000ಕ್ಕೆ 14.

ಪ್ರಶಾಂತ: ಅಕ್ಕಾ, ಅದನ್ನ ನೋಡಿರಲಿಲ್ಲ.

ದೊಡ್ಡಪ್ಪ: ನೋಡಿದೆಯಾ? 14ರಿಂದ 90ಕ್ಕೆ. ಆರು ಪಟ್ಟಿಗಿಂತ ಜಾಸ್ತಿ! ನಾನು ಹೇಳಿದ್ದು ಇದನ್ನೇ.

ಶೋಭಾ: ಆರು ಪಟ್ಟು ಅನ್ನೋದೂ ನಿಜ. 10,000ದಲ್ಲಿ 9,910 ಜನಕ್ಕೆ ಆಗೋದಿಲ್ಲ ಅನ್ನೋದೂ ನಿಜ. ಎರಡೂ ಒಂದೇ ಲೆಕ್ಕ ದೊಡ್ಡಪ್ಪ. ನಿಮ್ಮ ಮೆಸೇಜು ಮೊದಲನೆಯದನ್ನ ಊದಿಸಿ ಹೇಳುತ್ತೆ, ಪ್ರಶಾಂತ ಎರಡನೆಯದನ್ನ ಮಾತ್ರ ಹೇಳ್ತಾನೆ. ಸವಿತಾಗೆ ಎರಡೂ ಗೊತ್ತಿರಬೇಕು. ಕಿಡ್ನಿ ಅವಳದು.

ಇನ್ನೂ ಒಂದು ಮಾತು. ಆ 90 ಅನ್ನೋದು ಮುಂದಿನದನ್ನೂ ಸೇರಿಸಿ ಹಾಕಿದ ಅಂದಾಜು. 15 ವರ್ಷಕ್ಕೆ ಬಂದ ಲೆಕ್ಕದಲ್ಲಿ ಕೊಟ್ಟವರಲ್ಲಿ 10,000ಕ್ಕೆ ಸುಮಾರು 31, ಕೊಡದ ಆರೋಗ್ಯವಂತರಲ್ಲಿ ಸುಮಾರು 4. ಚಿಕ್ಕ ವಯಸ್ಸಿನಲ್ಲಿ ಕೊಟ್ಟವರ ಮುಂದೆ ವರ್ಷಗಳು ಜಾಸ್ತಿ ಇರುತ್ತವೆ. ಬಿಪಿ, ಶುಗರ್ ಬರೋದಕ್ಕೂ ಅಷ್ಟೇ ಸಮಯ ಇರುತ್ತೆ. ನಾನು ಕೊಟ್ಟಾಗ ನನಗೆ 34. ಇದನ್ನ ಯಾರೂ ನನ್ನ ಮುಂದೆ ಕೂತು ಹೇಳಲಿಲ್ಲ. ಹೇಳಿದ್ದರೂ ಕೊಡುತ್ತಿದ್ದೆ, ಆ ಮಾತು ಬೇರೆ. ಹೇಳಬೇಕಿತ್ತು.

ಸವಿತಾ: ಶೋಭಕ್ಕ, ಒಂದು ಕಿಡ್ನಿ ತೆಗೆದರೆ ಕೆಲಸ ಅರ್ಧಕ್ಕೆ ಇಳಿಯುತ್ತಾ?

ಶೋಭಾ: ಮೊದಲು ಅರ್ಧ ಆಗುತ್ತೆ. ಆಮೇಲೆ ಉಳಿದ ಕಿಡ್ನಿ ಸ್ವಲ್ಪ ದಪ್ಪ ಆಗಿ ಜಾಸ್ತಿ ಕೆಲಸ ಮಾಡೋಕೆ ಶುರು ಮಾಡುತ್ತೆ. ಮುಂಚೆ ಎರಡೂ ಸೇರಿ ಮಾಡುತ್ತಿದ್ದುದರಲ್ಲಿ ನೂರಕ್ಕೆ 65-70ರ ಹತ್ತಿರಕ್ಕೆ ಬಂದು ನಿಲ್ಲುತ್ತೆ. ದಿನದ ಬದುಕಿಗೆ ಅದು ಸಾಕು.

ಆದರೆ ಕಾಗದದ ಮೇಲೆ ಬೇರೆ ಥರ ಕಾಣುತ್ತೆ. ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ ರಕ್ತದಲ್ಲಿ ಎಷ್ಟು ಉಳಿದಿದೆ ಅಂತ ತೋರಿಸೋದು ಕ್ರಿಯಾಟಿನಿನ್; ಕೊಡೋ ಮುಂಚೆ ನನ್ನದು 0.7 ಇತ್ತು. ಒಂದು ವರ್ಷ ಆದಮೇಲೆ ಲ್ಯಾಬಿನವರು ಕೊಟ್ಟ ಹಾಳೆಯಲ್ಲಿ 1.1. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಒಂದು ಬಾಣದ ಗುರುತು, ಮೇಲಕ್ಕೆ. ನಾನು ಲ್ಯಾಬಿನ ಮೆಟ್ಟಿಲ ಮೇಲೇ ಕೂತು ಅತ್ತುಬಿಟ್ಟೆ. ಮಧುಗೆ ಹೇಳಲಿಲ್ಲ, ಅವನು ಆಗ ತಾನೇ ಸುಧಾರಿಸಿಕೊಳ್ಳುತ್ತಿದ್ದ. ಮೂರು ದಿನ ಆದಮೇಲೆ ಕಿಡ್ನಿ ಡಾಕ್ಟರ್ ನೋಡಿ, "ಒಂದು ಕಿಡ್ನಿ ಇರುವವರಿಗೆ ಇದೇ ನಾರ್ಮಲ್. ಇನ್ನು ಮೇಲೆ ಈ 1.1 ಜೊತೆಗೇ ಹೋಲಿಸಿಕೊಳ್ಳಿ" ಅಂದರು. ಅಷ್ಟೇ ಮಾತು. ಅದನ್ನ ಆಪರೇಷನ್ನಿಗೆ ಮುಂಚೆ ಹೇಳಿದ್ದರೆ ಆ ಮೂರು ರಾತ್ರಿ ಉಳಿಯುತ್ತಿತ್ತು.

ಮಧು: ಅಕ್ಕಾ, ಇದನ್ನ ನೀನು ನನಗೆ ಇವತ್ತಿನವರೆಗೂ ಹೇಳಿಲ್ಲ.

ಶೋಭಾ: ಹೇಳಿದ್ದರೆ ನೀನು ಏನು ಮಾಡುತ್ತಿದ್ದೆ? ಸುಮ್ನೆ ಕೊರಗುತ್ತಿದ್ದೆ.

ಇನ್ನೊಂದು ಸಲ ಬೆನ್ನುನೋವಿಗೆ ಅಂತ ಹೋದರೆ ಒಬ್ಬ ಡಾಕ್ಟರ್ ಡೈಕ್ಲೋಫೆನಾಕ್ ಬರೆದುಕೊಟ್ಟರು. ಆ ಥರದ ನೋವಿನ ಮಾತ್ರೆ ಕಿಡ್ನಿಗೆ ಒಳ್ಳೆಯದಲ್ಲ. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮನೆಗೆ ಬಂದು ಚೀಟಿ ನೋಡಿದಾಗ ಗೊತ್ತಾಯ್ತು. ಅವತ್ತಿನಿಂದ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲ ಮಾತು ಅದೇ: ನನಗೆ ಒಂದೇ ಕಿಡ್ನಿ.

ದೊಡ್ಡಪ್ಪ: ನೀನು ಇಷ್ಟೆಲ್ಲ ಅನುಭವಿಸಿದ್ದು ನಮಗೆ ಗೊತ್ತೇ ಆಗಲಿಲ್ಲವಲ್ಲ.

ಶೋಭಾ: ನೀವು ಯಾರೂ ಕೇಳಲಿಲ್ಲ ದೊಡ್ಡಪ್ಪ. ಕೋಪದಿಂದ ಹೇಳ್ತಿಲ್ಲ. ಎಲ್ಲರೂ ಮಧು ಹೇಗಿದ್ದಾನೆ ಅಂತಲೇ ಕೇಳಿದಿರಿ. ಕೊಟ್ಟವಳು ಗಟ್ಟಿ ಇದ್ದಾಳೆ ಅಂತ ಅಂದುಕೊಂಡಿರಿ. ಸವಿತಾ ಕೊಟ್ಟರೆ ಅವಳಿಗೆ ಹಾಗಾಗೋದು ಬೇಡ. ಕೊಟ್ಟವರಿಗೂ ವರ್ಷಕ್ಕೊಂದು ಸಲ ಬಿಪಿ, ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ನೋಡಬೇಕು. ಜೀವನಪೂರ್ತಿ. ಅದನ್ನ ನೆನಪಿಸೋದು ಮನೆಯವರ ಕೆಲಸ.

ಪ್ರಶಾಂತ: ಮಧು, ಐದು ವರ್ಷ ಅನ್ನೋದಕ್ಕೆ ನೀನೇ ಉತ್ತರ ಅಲ್ವಾ?

ಮಧು: ನಾನೊಬ್ಬ ಉತ್ತರ ಅಲ್ಲ, ದೊಡ್ಡಪ್ಪ ಆಗಲೇ ಹೇಳಿದರಲ್ಲ. ಬದುಕಿರುವವರು ಕೊಟ್ಟ ಕಿಡ್ನಿ ಸಾಮಾನ್ಯವಾಗಿ 15-20 ವರ್ಷ ಬರುತ್ತೆ. ತೀರಿಕೊಂಡವರಿಂದ ಬಂದದ್ದು ಅದಕ್ಕಿಂತ ಸ್ವಲ್ಪ ಕಡಿಮೆ. ಕೆಲವರಿಗೆ ಬೇಗ ಹೋಗುತ್ತೆ, ಕೆಲವರಿಗೆ 30 ವರ್ಷವೂ ಬರುತ್ತೆ. 1999ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಬಂತು. ಡಯಾಲಿಸಿಸ್ ಮಾಡಿಸಿಕೊಂಡು ಪಟ್ಟಿಯಲ್ಲಿ ಕಾಯುತ್ತಿದ್ದವರಿಗಿಂತ, ತೀರಿಕೊಂಡವರ ಕಿಡ್ನಿ ಹಾಕಿಸಿಕೊಂಡವರ ಸಾವಿನ ಅಪಾಯ ದೀರ್ಘಕಾಲದಲ್ಲಿ 68% ಕಡಿಮೆ. ಆದರೆ ಆಪರೇಷನ್ ಆದ ಮೊದಲ ಎರಡು ವಾರ ಅಪಾಯ ಅವರಿಗೇ ಜಾಸ್ತಿ ಇತ್ತು. ಅದನ್ನೂ ಹೇಳಬೇಕು.

ಕಿರಣ ಇದನ್ನ ಓದುತ್ತಿದ್ದರೆ ಒಂದು ಮಾತು. ಕಿಡ್ನಿ ಹಾಕಿಸಿಕೊಂಡರೆ ಕಾಯಿಲೆ ವಾಸಿ ಆಯ್ತು ಅಂತ ಅಂದುಕೊಳ್ಳಬೇಡ. ನನ್ನ ಫೋನಿನಲ್ಲಿ ಬೆಳಿಗ್ಗೆ 9ಕ್ಕೆ, ರಾತ್ರಿ 9ಕ್ಕೆ ಅಲಾರಂ. 12 ವರ್ಷದಿಂದ ಅದೇ ಟ್ಯೂನು. ಟ್ಯಾಕ್ರೋಲಿಮಸ್ ಅನ್ನೋ ಮಾತ್ರೆಗೆ; ಮೈ ಹೊಸ ಕಿಡ್ನಿಯನ್ನ ತಿರಸ್ಕರಿಸದ ಹಾಗೆ ಅದು ರೋಗನಿರೋಧಕ ಶಕ್ತಿಯನ್ನ ತಗ್ಗಿಸುತ್ತೆ. ರಕ್ತ ಕೊಡುವ ದಿನ ಮಾತ್ರ ಬೆಳಗಿನ ಡೋಸು ಜೇಬಲ್ಲಿಟ್ಟುಕೊಂಡು ಹೋಗ್ತೀನಿ. ರಕ್ತ ತೆಗೆದ ಮೇಲೆ ಲ್ಯಾಬಿನ ಬೆಂಚಲ್ಲೇ ನುಂಗ್ತೀನಿ. ಮೊದಲೇ ನುಂಗಿಬಿಟ್ಟರೆ ರಕ್ತದಲ್ಲಿ ಆ ಔಷಧಿ ಎಷ್ಟಿದೆ ಅನ್ನೋ ಲೆವೆಲ್ ತಪ್ಪು ಬರುತ್ತೆ.

ಐದನೇ ವರ್ಷ ಒಂದು ತಪ್ಪು ಮಾಡಿದೆ. ಪ್ರಯಾಣಕ್ಕೆ ಹೋದಾಗ ಮಾತ್ರೆ ಬ್ಯಾಗು ಮನೆಯಲ್ಲೇ ಉಳಿಯಿತು. ಎರಡು ದಿನ ತಾನೇ ಅಂತ ಬಿಟ್ಟೆ. ಮೈಯಲ್ಲಿ ಏನೂ ಗೊತ್ತಾಗಲಿಲ್ಲ. ಮುಂದಿನ ಟೆಸ್ಟಲ್ಲಿ ಕ್ರಿಯಾಟಿನಿನ್ 1.3ರಿಂದ 2.1ಕ್ಕೆ ಹೋಗಿತ್ತು. ಕಿಡ್ನಿಯ ಚೂರು ತೆಗೆದು ಬಯಾಪ್ಸಿ ಮಾಡಿದರು, ರಿಜೆಕ್ಷನ್, ಅಂದರೆ ಮೈ ಆ ಕಿಡ್ನಿಯನ್ನ ತಿರಸ್ಕರಿಸೋಕೆ ಶುರು ಮಾಡಿತ್ತು. ಮೂರು ದಿನ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. 1.6ಕ್ಕೆ ಇಳಿಯಿತು, ಮತ್ತೆ 1.3 ಆಗಲೇ ಇಲ್ಲ. ಅಕ್ಕನ ಕಿಡ್ನಿಯಲ್ಲಿ ಒಂದಷ್ಟು ನಾನೇ ಹಾಳು ಮಾಡಿದೆ.

ಶೋಭಾ: ಮಧು, ಸಾಕು. ಅದಾಗಿ ಏಳು ವರ್ಷ ಆಯ್ತು.

ಮಧು: ಹೇಳಲೇಬೇಕು ಅಕ್ಕಾ. ಶುಗರ್ ಬಂದಿದ್ದೂ ಹೇಳಬೇಕು. ಸ್ಟೀರಾಯ್ಡ್, ಟ್ಯಾಕ್ರೋಲಿಮಸ್ ಎರಡೂ ಸೇರಿ ಶುಗರ್ ತರಬಹುದು, ನನಗೆ ಎರಡನೇ ವರ್ಷಕ್ಕೇ ಬಂತು. ಸೋಂಕು ಬೇಗ ತಗಲುತ್ತೆ. ಚರ್ಮದ ಕ್ಯಾನ್ಸರ್ ಸಾಧ್ಯತೆ ಜಾಸ್ತಿ, ಅದಕ್ಕೇ ಡಾಕ್ಟರ್ ಮೈಯ ಮಚ್ಚೆಗಳನ್ನೆಲ್ಲ ನೋಡ್ತಾರೆ. ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ ಹೃದಯದ ಕಾಯಿಲೆಯಿಂದ ಹೋಗುವವರು ಎಷ್ಟೋ ಜನ. ಇಷ್ಟೆಲ್ಲ ಇದ್ದೂ, ವಾರಕ್ಕೆ ಮೂರು ದಿನ ಮೆಷಿನ್ ಪಕ್ಕ ಮಲಗಿದ್ದವನು ನಾನು. ಆ ಬದುಕಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಸವಿತಾ: ಎಲ್ಲರೂ ಇರುವಾಗಲೇ ಕೇಳ್ತೀನಿ. ನಮಗೆ ಇನ್ನೂ ಮಕ್ಕಳಿಲ್ಲ. ಕೊಟ್ಟಮೇಲೆ ತೊಂದರೆ ಆಗುತ್ತಾ?

ಶೋಭಾ: ಒಳ್ಳೆಯದಾಯ್ತು ಕೇಳಿದ್ದು. ಕೊಟ್ಟಮೇಲೂ ಮಕ್ಕಳಾಗುತ್ತವೆ. 2015ರಲ್ಲಿ ಕೆನಡಾದಿಂದ ಬಂದ ವರದಿ ಇದೆ. ಬಸುರಿನಲ್ಲಿ ಬಿಪಿ ಏರೋದು ಅಥವಾ ಪ್ರೀಎಕ್ಲಾಂಪ್ಸಿಯಾ (ಬಿಪಿ ಏರಿ ಬೇರೆ ಅಂಗಗಳಿಗೂ ತೊಂದರೆ ಆಗೋದು) ಆಗೋದು ಕೊಟ್ಟವರಲ್ಲಿ 11%, ಅವರಷ್ಟೇ ಆರೋಗ್ಯವಾಗಿದ್ದು ಕೊಡದವರಲ್ಲಿ 5%. ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಅವಧಿಗೆ ಮುಂಚೆ ಹೆರಿಗೆ ಆಗೋದರಲ್ಲಾಗಲಿ, ಮಗುವಿನ ತೂಕ ಕಡಿಮೆ ಇರೋದರಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೆಚ್ಚಿನವರಿಗೆ ಸುಸೂತ್ರ ಆಯ್ತು. ಆದರೆ ನೀನು ಕೊಡೋ ಮುಂಚೆ ಇದನ್ನ ಕಿಡ್ನಿ ಡಾಕ್ಟರ ಹತ್ತಿರವೂ ಹೆರಿಗೆ ಡಾಕ್ಟರ ಹತ್ತಿರವೂ ಬಿಡಿಸಿ ಕೇಳು. ಕಿರಣನ ಮುಂದೆ ಬೇಡ. ಒಬ್ಬಳೇ ಹೋಗು. ಬೇಡ ಅನಿಸಿದರೆ ಬೇಡ ಅನ್ನು. ನಿನ್ನನ್ನ ಯಾರೂ ತಪ್ಪು ತಿಳಿಯಲ್ಲ, ತಿಳಿದರೆ ನಾನಿದ್ದೀನಿ.

ಲೀಲತ್ತೆ: ನನಗೆ 58. ನನ್ನ ಮಗನಿಗೆ ನಾನು ಕೊಡ್ತೀನಿ ಅಂದರೆ ವಯಸ್ಸಾಯ್ತು ಅಂತ ಎಲ್ಲರೂ ಬಾಯಿ ಮುಚ್ಚಿಸಿದಿರಿ.

ಪ್ರಶಾಂತ: ಅತ್ತೆ, ವಯಸ್ಸಾದ ಕಿಡ್ನಿ ಅಷ್ಟು ದಿನ ಬಾಳಲ್ಲ ಅಂತ...

ಶೋಭಾ: ಸ್ವಲ್ಪ ಕಡಿಮೆ ಬಾಳಬಹುದು, ನಿಜ. ಆದರೆ ಕಿರಣನಿಗೆ 36. ಒಂದೇ ಕಿಡ್ನಿ ಅವನಿಗೆ ಜೀವನಪೂರ್ತಿ ಬರುತ್ತೆ ಅಂತ ಯಾರೂ ಮಾತು ಕೊಡೋಕಾಗಲ್ಲ. ಮುಂದೆ ಎರಡನೆಯದು ಬೇಕಾಗಬಹುದು. ಇವತ್ತು ಅಮ್ಮನದು, ಅವತ್ತು ಬೇಕಾದರೆ ಹೆಂಡತಿಯದು ಅಂತ ಯೋಚನೆ ಮಾಡುವ ಡಾಕ್ಟರುಗಳಿದ್ದಾರೆ. ಅಷ್ಟೊತ್ತಿಗೆ ಸವಿತಾಗೆ ಮಕ್ಕಳೂ ಆಗಿರುತ್ತವೆ. ಕೊಡುವವರ ಕಡೆಯಿಂದ ನೋಡಿದರೂ 58ರಲ್ಲಿ ಎಲ್ಲ ಟೆಸ್ಟು ಸರಿ ಇದ್ದರೆ ಮುಂದೆ ಅವರಿಗೆ ಏನು ಬರಬಹುದು ಅಂತ ಹೇಳೋದು ಸುಲಭ. 31ರಲ್ಲಿ ಕಷ್ಟ. ರಕ್ತಸಂಬಂಧ ಆದ್ದರಿಂದ ಕಿರಣನ ಕಾಯಿಲೆ ಮನೆತನದ್ದಾ ಅಂತ ಮಾತ್ರ ಮೊದಲು ನೋಡಲೇಬೇಕು.

ದೊಡ್ಡಪ್ಪ: ಲೀಲಾಗೆ ಏನಾದರೂ ಆದರೆ?

ಲೀಲತ್ತೆ: ಅಣ್ಣ, 10,000ಕ್ಕೆ 90 ಅಂದಳಲ್ಲ. ಉಳಿದ 9,910ರಲ್ಲಿ ನಾನೂ ಒಬ್ಬಳು ಅಂದುಕೊಳ್ತೀನಿ.

ದೊಡ್ಡಪ್ಪ: ನಿನ್ನ ವಯಸ್ಸಿಗೆ ಆ 90 ಎಷ್ಟಾಗುತ್ತೆ ಅಂತ ಡಾಕ್ಟರನ್ನೇ ಕೇಳೋಣ. ನಾನೂ ಬರ್ತೀನಿ. ಬರೆದುಕೊಂಡು ಬರ್ತೀನಿ.

(ದೊಡ್ಡಪ್ಪ ಒಂದು ಸಂದೇಶವನ್ನು ಅಳಿಸಿದ್ದಾರೆ)

ದೊಡ್ಡಪ್ಪ: ಶೋಭಾ, ಈ ವರ್ಷದ ನಿನ್ನ ಟೆಸ್ಟು ಆಯ್ತಾ?

ಶೋಭಾ: ಇಲ್ಲ ದೊಡ್ಡಪ್ಪ. ಹದಿನಾಲ್ಕು ತಿಂಗಳಾಯ್ತು.

ಮಧು: ಗುರುವಾರ ನನ್ನ ಲೆವೆಲ್ ಟೆಸ್ಟ್ ಇದೆ ಅಕ್ಕಾ. ಏಳೂವರೆಗೆ ಗಾಡಿ ತರ್ತೀನಿ, ರೆಡಿ ಇರು.